ಅಜ್ಜಿಯನ್ನು ಕೇಳಿ, ಬರೆದಿಡಿ

ಮಕ್ಕಳೇ, ಬರೆಯುವ ಆಸೆಯಿದೆ, ಏನು ಬರೆಯುವುದೆಂದು ತೋಚುತ್ತಿಲ್ಲವೇ? ಅಜ್ಜಿಯ ಹತ್ತಿರ ಕೂತು, ಅವರು ಮಾಡುತ್ತಿದ್ದ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ.

ನಮ್ಮ ರಾಮನಗರದ ಕಡೆ ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಹುಳು ಹಣ್ಣಾಗುತ್ತದೆ. ಆಗ ಅದನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ‘ಹುಳು ತುಂಬಾ ಚೆನ್ನಾಗಿತ್ತು’ ಎಂದು ಬರೆದರೆ ಓದುವವರಿಗೆ ಏನೂ ಕಾಣದು. ‘ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲುಗದೆ ಇತ್ತು’ ಎಂದು ಬರೆಯಿರಿ, ಕಣ್ಣಿಗೆ ಕಟ್ಟುತ್ತದೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಅಲ್ಲಿ ಕಲಿತದ್ದು ಇಲ್ಲಿಗೂ ಸಲ್ಲುತ್ತದೆ. ಮೊದಲು ತಾರೀಖು ಹಾಕಿ. ಹೆಸರು, ಊರು ತಪ್ಪಿಲ್ಲದೆ ಬರೆಯಿರಿ. ಒಂದು ದಿನಕ್ಕೆ ಒಂದೇ ವಿಷಯ ಸಾಕು. ಬರೆದದ್ದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ. ನಾಲಿಗೆ ತಡವರಿಸಿದ ಕಡೆ ವಾಕ್ಯವನ್ನು ಎರಡು ಮಾಡಿ. ದೊಡ್ಡ ಪದ ಹುಡುಕಬೇಡಿ. ರಾಮನಗರದಲ್ಲೇ ಹುಟ್ಟಿದ ಜಿ. ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳಲ್ಲಿರುವುದು ಮನೆಯಲ್ಲಿ ಆಡುವ ಮಾತೇ.

ನನ್ನ ತಾಯಿಯ ಬಾಯಲ್ಲಿದ್ದ ಇಂಥ ಎಷ್ಟೋ ಮಾತುಗಳು ಅವರ ಜೊತೆಗೇ ಹೋದವು. ಆದ್ದರಿಂದ ಅಜ್ಜ ಅಜ್ಜಿಯರೇ, ಮೊಮ್ಮಗು ನೋಟ್‌ಬುಕ್ ಹಿಡಿದು ಬಂದರೆ ‘ಆಮೇಲೆ ಹೇಳ್ತೀನಿ’ ಅನ್ನಬೇಡಿ.