ಎರಡು ವರ್ಷಕ್ಕೊಮ್ಮೆ ನವೀಕರಣ

17 ಏಪ್ರಿಲ್ 2024, ಬುಧವಾರ
ಶಾರ್ಜಾ

ಮಳೆ ನಿಂತರೂ ನೀರು ಇದ್ದಲ್ಲೇ ಇದೆ. ಕಿಟಕಿಯಿಂದ ನೋಡಿದರೆ ಪಾರ್ಕಿಂಗಿನಲ್ಲಿ ಕಾರುಗಳ ತಲೆ ಮಾತ್ರ ಕಾಣುತ್ತದೆ. ಲಿಫ್ಟಿಲ್ಲ, ಮಧ್ಯಾಹ್ನದಿಂದ ಕರೆಂಟೂ ಇಲ್ಲ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಬಿತ್ತಂತೆ. 1949ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಈ ದೇಶ ಇಂಥ ಮಳೆ ಕಂಡಿಲ್ಲ. ಕುಂದಾಪುರಕ್ಕೆ ಫೋನ್ ಮಾಡಿ ಅಂಕಿ ಹೇಳಿದೆ. ಅಮ್ಮ ನಕ್ಕುಬಿಟ್ಟಳು. "ಅದು ನಮ್ಮಲ್ಲಿ ಜೂನಿನ ಒಂದು ದಿನದ ಮಳೆ. ಅಷ್ಟಕ್ಕೆ ಎಂತ ರಗಳೆ?"

ರಗಳೆ ಏಕೆಂದರೆ ಇಲ್ಲಿ ನೀರಿಗೆ ಹೋಗಲು ಜಾಗವಿಲ್ಲ. ನಮ್ಮಲ್ಲಿ ತೋಡು, ಗದ್ದೆ, ಹೊಳೆ, ಕೊನೆಗೆ ಸಮುದ್ರ. ಇಲ್ಲಿ ಸಮುದ್ರ ಪಕ್ಕದಲ್ಲೇ ಇದ್ದರೂ ಬೀದಿಯ ನೀರನ್ನು ಟ್ಯಾಂಕರಿಗೆ ಹೀರಿ ಸಾಗಿಸಬೇಕು.

ಕೆಳಗಿನ ಮಲಯಾಳಿ ಅಂಗಡಿಯ ಹುಡುಗ ಎದೆಮಟ್ಟದ ನೀರಿನಲ್ಲಿ ನಿಂತು, ಮೊದಲ ಮಹಡಿಯಿಂದ ಇಳಿಬಿಟ್ಟ ಬಕೆಟಿಗೆ ನೀರಿನ ಬಾಟಲಿ, ಬ್ರೆಡ್, ಮೊಟ್ಟೆ ತುಂಬಿಸುತ್ತಿದ್ದ. ದುಡ್ಡು ಕೇಳಿದರೆ ಆಮೇಲೆ ಎಂದು ಕೈ ಬೀಸಿದ. ಅಲ್ಲಿಂದ ಮೇಲಕ್ಕೆ ಮೆಟ್ಟಿಲಿನಲ್ಲಿ ಕೈಯಿಂದ ಕೈಗೆ. ಲಾಹೋರಿನ ಹೆಂಗಸೊಬ್ಬರು ಗ್ಯಾಸಿನ ಮೇಲೆ ರೊಟ್ಟಿ ಸುಟ್ಟು ಎಲ್ಲ ಮನೆಗೂ ಹಂಚಿದರು. ಇಷ್ಟು ವರ್ಷ ಒಂದೇ ಲಿಫ್ಟಿನಲ್ಲಿ ಇಳಿದು ಹತ್ತಿದ್ದೇವೆ, ಅವರ ಹೆಸರು ಕೇಳಿದ್ದು ಇವತ್ತು. ಹೀಗೆ ಅಪರಿಚಿತರಾಗಿರುವುದನ್ನು ಕೊರತೆ ಎಂದು ಬರೆಯುವುದು ರೂಢಿ. ನನಗೆ ಹಾಗೆನ್ನಿಸುವುದಿಲ್ಲ. ನನ್ನ ಮನೆಯಲ್ಲಿ ಇವತ್ತು ಎಂತ ಸಾರು ಎಂದು ಯಾರಿಗೂ ಗೊತ್ತಿರದ ಕಟ್ಟಡದಲ್ಲಿ ಬದುಕುವುದಕ್ಕೂ ಒಂದು ಸುಖವಿದೆ.

ಮಗಳಿಗೆ ಆನ್‌ಲೈನ್ ಕ್ಲಾಸು. ಕರೆಂಟಿಲ್ಲದೆ ಅದೂ ಇಲ್ಲ. ಅವಳಿಗೆ ಖುಷಿ.

26 ಏಪ್ರಿಲ್ 2024, ಶುಕ್ರವಾರ

ಕುಂದಾಪುರದಲ್ಲಿ ಇವತ್ತು ಲೋಕಸಭೆಗೆ ಮತದಾನ. ಬೆಳಿಗ್ಗೆಯಿಂದ ವಾಟ್ಸಾಪಿನಲ್ಲಿ ಶಾಯಿ ಹಚ್ಚಿದ ಬೆರಳುಗಳ ಮೆರವಣಿಗೆ. ಅನಿವಾಸಿಗಳೂ 6ಎ ನಮೂನೆ ತುಂಬಿ ಪಟ್ಟಿಗೆ ಹೆಸರು ಸೇರಿಸಬಹುದು. ಓಟು ಹಾಕಲು ಮಾತ್ರ ಆ ದಿನ ಖುದ್ದಾಗಿ ಬೂತಿನೆದುರು ನಿಂತಿರಬೇಕು. ವಿಮಾನದ ಟಿಕೆಟಿನ ಬೆಲೆಗೆ ಒಂದು ಓಟು! ನನ್ನ ಗಂಡ "ಮುಂದಿನ ಸಲ ನೋಡುವ" ಎಂದರು, ಹೋದ ಸಲವೂ ಅದನ್ನೇ ಅಂದಿದ್ದರು.

ಇಲ್ಲಂತೂ ನಮಗೆ ಓಟಿನ ಮಾತೇ ಇಲ್ಲ. ಬೆಳಿಗ್ಗೆ ಪೇಪರ್ ಓದಿ ಸರ್ಕಾರವನ್ನು ಬೈಯುವ ಭಾಗ್ಯವೂ ಇಲ್ಲ. ಊರಿನ ಹೋಟೆಲಿನಲ್ಲಿ ಒಂದು ಚಾ ಕುಡಿಯುವಷ್ಟರಲ್ಲಿ ಮೂರು ಪಕ್ಷಗಳ ಮಾನ ಹರಾಜಾಗಿರುತ್ತದೆ. ಇಲ್ಲಿ ಬಾಯಿ ಮುಚ್ಚಿಕೊಂಡಿರುವುದಕ್ಕೆ ರಸ್ತೆ ಚೆನ್ನಾಗಿದೆ ಎಂದು ಸಮಾಧಾನ ಮಾಡಿಕೊಳ್ಳುವವರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ನನ್ನಿಂದ ಅದು ಆಗುವುದಿಲ್ಲ, ಆದರೂ ಬಾಯಿ ಮುಚ್ಚಿಕೊಂಡೇ ಇದ್ದೇನೆ.

16 ಜೂನ್ 2024, ಭಾನುವಾರ

ಇವತ್ತು ಬಕ್ರೀದ್. ರಾತ್ರಿ ಊಟವಾದ ಮೇಲೆ ಒಬ್ಬಳೇ ಖಾಲಿದ್ ಲಗೂನಿನ ದಂಡೆಗೆ ನಡೆಯಲು ಹೋದೆ. ಹನ್ನೊಂದು ಗಂಟೆಗೂ ಬೆವರು ಇಳಿಯುವಷ್ಟು ಸೆಕೆ. ಹೊಸ ಬಟ್ಟೆ ಹಾಕಿದ ಮಕ್ಕಳು, ಚಾಪೆ ಹಾಸಿ ಕೂತ ಸಂಸಾರಗಳು, ನನ್ನ ಹಾಗೆ ಒಂಟಿಯಾಗಿ ನಡೆಯುವ ಹೆಂಗಸರು. ಯಾರೂ ತಿರುಗಿ ನೋಡಲಿಲ್ಲ. ಕುಂದಾಪುರದಲ್ಲಿ ಏಳೂವರೆಯ ಮೇಲೆ ಶಾಸ್ತ್ರಿ ಸರ್ಕಲ್‌ನಿಂದ ಮನೆಗೆ ಬರುವುದಿದ್ದರೆ ತಮ್ಮ ಬೈಕ್ ತರುತ್ತಾನೆ. ಪ್ರೀತಿಯಿಂದಲೇ ತರುತ್ತಾನೆ. ಆದರೂ ಮನಸ್ಸಾದಾಗ ಚಪ್ಪಲಿ ಮೆಟ್ಟಿ ಹೊರಗೆ ಬೀಳುವ ಈ ಸ್ವಾತಂತ್ರ್ಯವನ್ನು ಅಲ್ಲಿಯವರಿಗೆ ಅರ್ಥಮಾಡಿಸಲು ನನ್ನಿಂದ ಈವರೆಗೂ ಆಗಿಲ್ಲ. "ರಾತ್ರಿ ಹೊತ್ತಲ್ಲಿ ಹೋಗುವಂಥದ್ದು ಎಂತ ಇದೆ?" ಎಂದು ಕೇಳುತ್ತಾರೆ. ಹೋಗುವಂಥದ್ದು ಏನೂ ಇಲ್ಲ, ಸುಮ್ಮನೆ ಹೋಗುವುದು.

ವಾಪಸು ಬರುವಾಗ ರಸ್ತೆ ಬದಿ ಕೂಲಿಯವರ ಬಸ್ಸು ನಿಂತಿತ್ತು. ಕಿಟಕಿಗೆ ತಲೆ ಆನಿಸಿ ಎಲ್ಲರೂ ನಿದ್ದೆ. ಹಬ್ಬದ ದಿನವೂ ಎಲ್ಲೋ ಕೆಲಸವಿದ್ದಿರಬೇಕು. ನಿನ್ನೆಯಿಂದ ಮಧ್ಯಾಹ್ನದ ವಿರಾಮ ಜಾರಿಗೆ ಬಂದಿದೆ: ಸೆಪ್ಟೆಂಬರ್ 15ರ ತನಕ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಒಳ್ಳೆಯ ಕಾನೂನು, ಆದರೆ ಬೆಳಿಗ್ಗೆ ಹತ್ತರ ಬಿಸಿಲಿಗೆ ಅದು ಅನ್ವಯಿಸುವುದಿಲ್ಲ. "ಗಲ್ಫಿನಲ್ಲಿ ಹೇಗಿದೆ?" ಎಂದು ಊರಲ್ಲಿ ಕೇಳುವವರಿಗೆ ಯಾವ ಗಲ್ಫು ಎಂದು ತಿರುಗಿ ಕೇಳಬೇಕು. ಆ ಬಸ್ಸಿನಲ್ಲಿದ್ದವರದ್ದೂ ನನ್ನದೂ ಒಂದೇ ಊರಲ್ಲ.

4 ಜುಲೈ 2024, ಗುರುವಾರ

ದುಬೈಯ ದೇರಾದ ನಮ್ಮ ಆಫೀಸಿನಲ್ಲಿ ಇವತ್ತು, ನಾವೆಲ್ಲ ಇಕ್ಕ (ಅಣ್ಣ) ಎನ್ನುವ ಗೋಡೌನಿನ ಹಿರಿಯರ ಫೈನಲ್ ಸೆಟಲ್‌ಮೆಂಟ್. ಕಾಸರಗೋಡಿನವರು. ನಾನು ಹೈಸ್ಕೂಲಿನಲ್ಲಿದ್ದ ಕಾಲಕ್ಕೇ ಇಲ್ಲಿ ಅಕ್ಕಿ ಮೂಟೆ ಎಣಿಸುತ್ತಿದ್ದವರು. ನನ್ನ ಹತ್ತಿರ ಕನ್ನಡದಲ್ಲಿ, ಡ್ರೈವರನ ಹತ್ತಿರ ಉರ್ದುವಿನಲ್ಲಿ, ಕಸ್ಟಮ್ಸಿನವರ ಹತ್ತಿರ ಅರಬಿಯಲ್ಲಿ ಮಾತಾಡಬಲ್ಲರು. ರುಜು ಮಾತ್ರ ಮಲಯಾಳದಲ್ಲಿ.

ಲೆಕ್ಕ ಹಾಕುವುದು ನನ್ನ ಕೆಲಸ. ಗ್ರಾಚ್ಯುಟಿ ಎಂದರೆ ಮೊದಲ ಐದು ವರ್ಷಗಳಲ್ಲಿ ಪ್ರತಿ ವರ್ಷಕ್ಕೆ 21 ದಿನದ ಮೂಲವೇತನ, ಅನಂತರದ ಪ್ರತಿ ವರ್ಷಕ್ಕೆ 30 ದಿನದ್ದು. ಎಷ್ಟೇ ದುಡಿದಿರಲಿ, ಒಟ್ಟು ಎರಡು ವರ್ಷದ ಸಂಬಳ ಮೀರುವಂತಿಲ್ಲ. ಮೂಲವೇತನದ ಮೇಲೆ ಅನ್ನುವಲ್ಲೇ ಗುಟ್ಟಿರುವುದು. ಮನೆಬಾಡಿಗೆ, ಓಡಾಟ, ಊಟದ ಭತ್ಯೆ ಯಾವುದೂ ಲೆಕ್ಕಕ್ಕಿಲ್ಲ, ಆದ್ದರಿಂದ ಈ ಊರಲ್ಲಿ ಸಂಬಳದ ಚೀಟಿಯಲ್ಲಿ ಭತ್ಯೆಗಳು ಉಬ್ಬಿ ಮೂಲವೇತನ ಬಡಕಲಾಗಿರುತ್ತದೆ. ಬಾಕಿ ರಜೆ, ಟಿಕೆಟ್ ಎಲ್ಲ ಸೇರಿಸಿದರೂ ಒಂದೇ ಹಾಳೆ, ಕೆಳಗೆ ಅರ್ಧ ಖಾಲಿ.

ಇಕ್ಕ ಕನ್ನಡಕ ಏರಿಸಿ ಹಾಳೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ತಲೆಯೆತ್ತಿ, "ಇವತ್ತು ರೇಟು ಎಷ್ಟು?" ಎಂದರು. ದಿರ್ಹಮಿಗೆ 22 ರೂಪಾಯಿ 70 ಪೈಸೆ ಚಿಲ್ಲರೆ. "ಇಪ್ಪತ್ತಮೂರು ಆಗುವ ತನಕ ಕಾಯಬಹುದಿತ್ತು."

ನಗು ಬಂತು, ನಾನೂ ಅದೇ ಜಾತಿಯವಳಲ್ಲವೆ! ಊರಿನ ಪೇಪರಿನಲ್ಲಿ ರೂಪಾಯಿ ಕುಸಿತ ಎಂದು ದುಃಖದ ಸುದ್ದಿ ಬಂದ ದಿನ ಇಲ್ಲಿ ಎಕ್ಸ್‌ಚೇಂಜಿನ ಮುಂದೆ ಸಾಲು ಉದ್ದವಾಗುತ್ತದೆ. ದೇಶಭಕ್ತಿಯ ಹಾಡು ಹಾಡುವವರೂ ಆ ಸಾಲಿನಲ್ಲಿರುತ್ತಾರೆ.

ವೀಸಾ ರದ್ದಾದ ಕಾಗದಕ್ಕೆ ಸಹಿ ಹಾಕಿ, ಎಲ್ಲರಿಗೂ ಸುಲೈಮಾನಿ ಚಾ ತರಿಸಿ ಹೋದರು. ಇಷ್ಟು ವರ್ಷ ಇದ್ದವರೆಂದು ಇನ್ನೊಂದು ವರ್ಷ ಸುಮ್ಮನೆ ಇರಲು ಬಿಡುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ. ದುಡ್ಡಿದ್ದವರಿಗೆ ಗೋಲ್ಡನ್ ವೀಸಾ ಇದೆ. ಅಕ್ಕಿ ಮೂಟೆ ಎಣಿಸಿದವರಿಗಲ್ಲ.

24 ಜುಲೈ 2024, ಬುಧವಾರ
ಕುಂದಾಪುರ

ಶಾಲೆಗೆ ರಜೆ ಸಿಕ್ಕ ಕೂಡಲೇ ಟಿಕೆಟಿನ ಬೆಲೆ ಆಕಾಶಕ್ಕೆ ಹೋಗುತ್ತದೆ, ಆದರೂ ಎಲ್ಲರೂ ಹೊರಡುತ್ತೇವೆ. ಮಂಗಳೂರಿನ ಬಜಪೆಯಲ್ಲಿ ವಿಮಾನ ಇಳಿಯುವಾಗ ಮಾತು ನಿಲ್ಲುತ್ತದೆ. 2010ರ ಮೇ 22ರಂದು ಇದೇ ಗುಡ್ಡದ ತುದಿಯಿಂದ ಜಾರಿದ ದುಬೈ ವಿಮಾನದಲ್ಲಿ 158 ಜನ ಹೋದರು. ಚಕ್ರ ನೆಲ ಮುಟ್ಟಿ ವೇಗ ಇಳಿಯುವ ತನಕ ಹಿಂದಿನ ಸೀಟಿನವರು ಏನೋ ಜಪಿಸುತ್ತಿದ್ದರು. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ಬ್ಯಾಗು ಎಳೆಯತೊಡಗಿದರು.

ಮನೆಯ ಅಂಗಳ ದಾಟುವ ಮೊದಲೇ ಪಕ್ಕದ ಮನೆಯ ದೊಡ್ಡಮ್ಮ ಕೇಳಿಯಾಯಿತು, "ಎಗ್ಳಿಕ್ ಬಂದದ್ದ್? ಎಗ್ಳಿಕ್ ಹೋಪುದ್?" ಯಾವಾಗ ಬಂದದ್ದು, ಯಾವಾಗ ಹೋಗುವುದು, ಎರಡೂ ಒಂದೇ ಉಸಿರಿಗೆ. ಮೊದಲನೆಯದಕ್ಕೆ ಉತ್ತರ ಕಾಯುವವರಿಲ್ಲ. ದಪ್ಪಗಾಗಿದ್ದೇನೆ ಎಂದರು. ಮಗಳು ಕಪ್ಪಾಗಿದ್ದಾಳೆ ಎಂದರು. ಒಳಗೆ ಬಂದು ಸೂಟ್‌ಕೇಸಿನ ಮುಂದೆ ಕೂತರು. ಅರ್ಧ ಗಂಟೆಯಲ್ಲಿ ಅವರ ಮನೆಯಿಂದ ಬಿಸಿ ಪತ್ರೊಡೆ ಬಂತು. ಹೀಗೆ ಕೊಟ್ಟು ಹೀಗೆ ಹಕ್ಕು ಚಲಾಯಿಸುವವರು ಶಾರ್ಜಾದಲ್ಲಿ ಯಾರೂ ಇಲ್ಲ. ಪತ್ರೊಡೆ ಬೇಕೆಂದರೆ ಆ ಮಾತುಗಳನ್ನೂ ನುಂಗಬೇಕು.

ಮೀನಿಲ್ಲ. ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮಾರುವವಳು ತಮಿಳುನಾಡಿನ ಕಡೆಯಿಂದ ಬಂದ ಐಸ್ ಬಂಗುಡೆ ಹಿಡಿದುಕೊಂಡು, "ಇದಾದ್ರೂ ತಕೊಳ್ಳಿ" ಎಂದಳು. ಹೋದ ವಾರ ಶಾರ್ಜಾದ ಜುಬೈಲ್ ಮಾರ್ಕೆಟ್ಟಿನಲ್ಲಿ ಕಣ್ಣು ಹೊಳೆಯುವ ಅಂಜಲ್ ಕೊಂಡಿದ್ದೆವು. ಊರಿನ ಮೀನು ಊರಿನ ಮೀನು ಎಂದು ವರ್ಷವಿಡೀ ಜಪಿಸುವ ಇವರು ಏನೂ ಮಾತಾಡದೆ ಗಂಜಿಗೆ ಮಿಡಿ ಉಪ್ಪಿನಕಾಯಿ ಹಾಕಿಕೊಂಡರು.

ನಿನ್ನೆಯ ಬಜೆಟಿನಲ್ಲಿ ಚಿನ್ನದ ಸುಂಕ ಶೇ. 15ರಿಂದ 6ಕ್ಕೆ ಇಳಿದಿದೆ. "ಇನ್ನು ದುಬೈಯಿಂದ ತರುವ ಅಗತ್ಯವಿಲ್ಲ ಬಿಡಿ" ಎಂದು ಭಾವ ಹೇಳಿದಾಗ ಅದರಲ್ಲಿ ಸಣ್ಣ ಸಂತೋಷವಿತ್ತು. ನಮ್ಮ ಬೆಲೆಯೂ ಒಂದಿಷ್ಟು ಇಳಿದಂತಾಯಿತು.

ಅಮ್ಮ ಟಿವಿ ಮುಂದೆ. ಅಂಕೋಲೆಯ ಶಿರೂರಿನಲ್ಲಿ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗಿನಿಂದ ಗಂಗಾವಳಿ ಹೊಳೆಯಲ್ಲಿ ಹುಡುಕಾಟ ನಡೆದಿದೆ. ಮಳೆಯ ಬಗ್ಗೆ ಈಗ ನಗುವುದಿಲ್ಲ ಅವಳು.

1 ಆಗಸ್ಟ್ 2024, ಗುರುವಾರ

ಪಹಣಿಗೆ ಆಧಾರ್ ಜೋಡಿಸಬೇಕು ಎಂದು ಸರ್ಕಾರ ಹೊರಟಿದೆ. ಅಪ್ಪನಿಂದ ನನಗೂ ತಮ್ಮನಿಗೂ ಬಂದ ಗದ್ದೆ, ನನ್ನ ಆಧಾರಿಗೆ ಕೊಟ್ಟದ್ದು ಊರಿನ ಹಳೆಯ ಸಿಮ್. ರೀಚಾರ್ಜ್ ಮಾಡದೆ ಬಿಟ್ಟದ್ದರಿಂದ ಆ ನಂಬರು ಬೇರೆ ಯಾರದ್ದೋ ಆಗಿದೆ. ನನ್ನ ಓಟಿಪಿ ಈಗ ಅವರ ಫೋನಿಗೆ. ಕಚೇರಿಯ ಕೌಂಟರಿನ ಹುಡುಗ ಮೊದಲು ಮೊಬೈಲ್ ನಂಬರ್ ಬದಲಿಸಿಕೊಂಡು ಬನ್ನಿ ಎಂದ. ಆಧಾರ್ ಕೇಂದ್ರಕ್ಕೆ ಹೋದರೆ ಸರ್ವರ್ ಡೌನ್. ಮಧ್ಯಾಹ್ನ ಬನ್ನಿ. ಮಧ್ಯಾಹ್ನ ಕರೆಂಟಿಲ್ಲ.

ಶಾರ್ಜಾದಲ್ಲಿ ಇಂಥ ಕೆಲಸ ಫೋನಿನಲ್ಲೇ ಮುಗಿಯುತ್ತದೆ ಎಂದು ಬಾಯಿ ತುದಿಯ ತನಕ ಬಂದಿತ್ತು. ಗಲ್ಫಿನಿಂದ ಬಂದವರು ಹೀಗೆ ಹೇಳುವುದನ್ನು ಕೇಳಿ ಕೇಳಿ ಊರಿನವರ ಕಿವಿ ತೂತಾಗಿದೆ, ತಡೆದುಕೊಂಡೆ. ಅಲ್ಲದೆ ಇನ್ನೊಂದು ವಿಷಯವಿದೆ. ಇಲ್ಲಿ ನಾನು ಜಗಳ ಮಾಡಿದೆ! ಮೇಜಿಗೆ ಕೈ ಬಡಿದು, "ನನ್ನ ಗದ್ದೆ, ನನ್ನ ಹೆಸರು, ಮೇಲಿನವರನ್ನು ಕರೆಯಿರಿ" ಎಂದು ಗಟ್ಟಿಯಾಗಿ ಕೇಳಿದೆ. ಸಾಲಿನಲ್ಲಿದ್ದವರು ನನ್ನ ಪಕ್ಷ ವಹಿಸಿದರು, ಒಬ್ಬರು ಕುರ್ಚಿ ಕೊಟ್ಟರು. ಕೆಲಸ ಆಗಲಿಲ್ಲ. ಆದರೂ ಮನೆಗೆ ಬರುವಾಗ ಮೈ ಹಗುರಾಗಿತ್ತು. ಶಾರ್ಜಾದಲ್ಲಿ ಎಲ್ಲ ಸಲೀಸು, ಮೇಜು ಬಡಿಯುವ ಪ್ರಸಂಗ ಬರುವುದಿಲ್ಲ. ಬಂದರೆ ಬಡಿಯುವ ಧೈರ್ಯ ನನಗಿಲ್ಲ.

1 ಸೆಪ್ಟೆಂಬರ್ 2024, ಭಾನುವಾರ
ಶಾರ್ಜಾ

ಇವತ್ತಿನಿಂದ ಕ್ಷಮಾದಾನ. ವೀಸಾ ಮುಗಿದ ಮೇಲೂ ಉಳಿದವರು ದಂಡವಿಲ್ಲದೆ ಊರಿಗೆ ಹೋಗಬಹುದು, ಇಲ್ಲವೇ ಕೆಲಸ ಹುಡುಕಿ ಕಾಗದ ಸರಿಮಾಡಿಕೊಳ್ಳಬಹುದು. ಹೋದವರಿಗೆ ಮರಳಿ ಬರಲು ಅಡ್ಡಿಯೂ ಇಲ್ಲ. ನಮ್ಮ ಕಡೆಯ ಅಡುಗೆಯವನೊಬ್ಬ ಇವರಿಗೆ ಫೋನ್ ಮಾಡಿದ್ದ. ಕಾಗದವಿಲ್ಲದೆ, ಅಪ್ಪ ತೀರಿಕೊಂಡಾಗ ಬೊಜ್ಜಕ್ಕೂ ಹೋಗಲಾಗದೆ ಉಳಿದವನು. ಈಗ ಹೋಗುತ್ತಾನೆ ಎಂದುಕೊಂಡರೆ, ಉಳಿಯಲು ಯಾರಾದರೂ ವೀಸಾ ಕೊಡುತ್ತಾರೆಯೇ ಎಂದು ಕೇಳಿದನಂತೆ. "ಹೋಗಿ ಒಂದು ಸಲ ಅಮ್ಮನ ಮುಖ ನೋಡಿ ಬಾ ಮಾರಾಯ" ಎಂದರೆ, "ಖಾಲಿ ಕೈಯಲ್ಲಾ?" ಎಂದನಂತೆ.

ಮಗಳು ಹನ್ನೆರಡನೇ ತರಗತಿ. ಮುಂದಿನ ವರ್ಷ ಸುರತ್ಕಲ್ಲಿನ ಎನ್‌ಐಟಿಕೆ ಎಂದು ಆಸೆ. ಅಲ್ಲಿ ಗಲ್ಫಿನಲ್ಲಿ ದುಡಿಯುವವರ ಮಕ್ಕಳಿಗೆಂದೇ ಬೇರೆ ಸೀಟುಗಳಿವೆ. ಇಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಅರಬಿ ಕಲಿತ ಹುಡುಗಿ ಇಲ್ಲಿ ಇರುವುದು ಅಪ್ಪನ ನೌಕರಿಯ ಬಲದಿಂದ. ನಮ್ಮದೇ ಕರಾವಳಿಯ ಕಾಲೇಜಿಗೆ ಸೇರುವುದು ಅನಿವಾಸಿಯ ಮಗಳಾಗಿ. ಅವಳಿಗೆ ಇದರಲ್ಲಿ ಯಾವ ದುಃಖವೂ ಕಾಣುವುದಿಲ್ಲ. "ಹಾಸ್ಟೆಲ್‌ಗೆ ಎ.ಸಿ. ಇದೆಯಾ?" ಎಂದಷ್ಟೇ ಕೇಳುತ್ತಾಳೆ.

ನಮ್ಮ ವೀಸಾ ಅಕ್ಟೋಬರಿಗೆ ಮುಗಿಯುತ್ತದೆ. ಇವಳು ಹೊರಟ ಮೇಲೆ ನಾವೂ ಹೋಗಿಬಿಡುವ, ಮನೆ ಕಟ್ಟಿದ್ದು ಗೆದ್ದಲಿಗಾ ಎಂದು ಇವರ ವಾದ. ಹೊಸ ಮನೆಯ ಬಾಗಿಲಿನ ದಾರಂದಕ್ಕೆ ಗೆದ್ದಲು ಹಿಡಿದದ್ದು ನಿಜವೇ. ನಾನು ಒಪ್ಪಲಿಲ್ಲ. ಇನ್ನೆರಡು ವರ್ಷ ಎಂದೆ. ದುಡ್ಡಿಗಾಗಿ ಎಂದು ಅವರು ತಿಳಿದರು. ಅರ್ಧ ಅದೂ ಹೌದು. ಉಳಿದ ಅರ್ಧ, ಅಲ್ಲಿ ನಾನು ಮಗಳು, ಅಕ್ಕ, ಸೊಸೆ, ಅತ್ತಿಗೆ. ಅಮ್ಮನ ಹತ್ತಿರ ಇರಬೇಕು ಎಂಬ ಆಸೆಯೂ ಸುಳ್ಳಲ್ಲ, ಸಂಜೆಯ ಫೋನಿನಲ್ಲಿ ಅವಳ ದನಿ ಸಣ್ಣಗಾಗುತ್ತ ಬಂದಿರುವುದು ನನಗೂ ಕೇಳಿಸುತ್ತದೆ. ಆದರೆ ಯಾರ ಏನೂ ಅಲ್ಲದೆ ಲಗೂನಿನ ದಂಡೆಯಲ್ಲಿ ನಡೆಯುವ ಆ ಒಂದು ಗಂಟೆಯನ್ನು ಬಿಟ್ಟುಕೊಡಲು ನಾನಿನ್ನೂ ತಯಾರಿಲ್ಲ. ಇದನ್ನು ಇವರಿಗೆ ಹೇಳಿದೆ. "ಅದಕ್ಕೆ ಊರಿನ ಕೋಡಿಯ ಸಮುದ್ರ ಇಲ್ವಾ?" ಎಂದರು.

ನಾಳೆ ಮೆಡಿಕಲ್ಲಿಗೆ ಅರ್ಜಿ ಹಾಕಬೇಕು. ಎರಡು ಫೋಟೋ ಸಾಕಂತೆ.