ನೆಲವೇ ಡೊಂಕಾಗಿತ್ತು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಕಾರ್ಯಾಗಾರವಿದೆ. ಅಲ್ಲಿನ ಮುಖ್ಯ ಯಂತ್ರ ಸುಮಾರು ಒಂದೂವರೆ ಟನ್ ತೂಕದ ಹಳೆಯ ಲೇತ್. ಬಾಡಿಗೆಯ ಶೆಡ್ಡಿನಿಂದ ಸ್ವಂತ ಶೆಡ್ಡಿಗೆ ಬಂದ ದಿನ ಧರ್ಮಕೇಂದ್ರದ ಗುರುಗಳು ಬಂದು, ಪವಿತ್ರ ಜಲವನ್ನು ಪ್ರೋಕ್ಷಿಸಿ ಆಶೀರ್ವದಿಸಿದರು. ಲೇತನ್ನು ಹೊಸ ಕಾಂಕ್ರೀಟ್ ನೆಲದ ಮೇಲಿರಿಸಿ, ಅಲುಗಾಡುತ್ತಿದ್ದ ಮೂಲೆಗೆ ತಗಡಿನ ಚೂರುಗಳನ್ನು ತುರುಕಿದೆವು. ಅಲುಗಾಟ ನಿಂತಿತು, ನಾನು ತೃಪ್ತನಾದೆ.

ಒಂದು ಮಳೆಗಾಲ ಕಳೆಯಿತು. ನಾವು ಕಳುಹಿಸಿದ ಶಾಫ್ಟುಗಳು ಮರಳಿ ಬರತೊಡಗಿದವು. 300 ಮಿ.ಮೀ. ಉದ್ದದಲ್ಲಿ ಒಂದು ತುದಿ ಇನ್ನೊಂದಕ್ಕಿಂತ 0.06 ಮಿ.ಮೀ.ನಷ್ಟು ದಪ್ಪ. ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪದಷ್ಟೇ ದೋಷವಾದರೂ, ಬೇರಿಂಗ್ ಕೂರಬೇಕಾದ ಜಾಗದಲ್ಲಿ ಅದು ಬಹಳ ದೊಡ್ಡದು.

ಲೇತಿನ ಮೇಲೆ ಕೆಲಸ ಮಾಡುತ್ತಿದ್ದವನು ಐಟಿಐ ಮುಗಿಸಿ ಬಂದ, ತಂದೆಯಿಲ್ಲದ ಹುಡುಗ. "ಸಾರ್, ಮಷೀನಿಗೇ ಏನೋ ಆಗಿದೆ" ಎಂದು ಆತ ಎರಡು ಬಾರಿ ಹೇಳಿದ. ನಾನು ಎಲ್ಲರೆದುರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಟ್ಟೆ. ಉಳಿದವರು ನಕ್ಕರು. ಹಾಳಾದ ಉಕ್ಕಿನ ಬೆಲೆಯನ್ನು ಅವನ ಸಂಬಳದಲ್ಲಿ ಹಿಡಿದುಕೊಂಡೆ. ಮರುವಾರ ಆತ ಕೆಲಸಕ್ಕೆ ಬರಲಿಲ್ಲ.

ಆಮೇಲೆ ನಾನೇ ಲೇತಿನ ಮುಂದೆ ನಿಂತೆ. ನನ್ನ ಕೈಯಲ್ಲೂ ಶಾಫ್ಟಿನ ಅದೇ ತುದಿ ದಪ್ಪವಾಗಿಯೇ ಬಂತು.

ನಿವೃತ್ತರಾದ ಹಿರಿಯ ಫಿಟ್ಟರ್ ಒಬ್ಬರನ್ನು ಕರೆತಂದೆ. ಅವರು ದಪ್ಪನೆಯ ಕಂಬಿಯೊಂದನ್ನು ಚಕ್ಕಿನಲ್ಲಿ ಹಿಡಿದು, ಟೈಲ್‌ಸ್ಟಾಕಿನ ಆಸರೆಯಿಲ್ಲದೆ ಎರಡು ಕಡೆ ಹಗುರವಾಗಿ ಕಡಿದು ಅಳೆದರು. ಆಗಲೂ ಹೊರತುದಿಯೇ ದಪ್ಪ. "ತಪ್ಪು ಟೈಲ್‌ಸ್ಟಾಕಿನದಲ್ಲಪ್ಪಾ, ಬೆಡ್ಡೇ ತಿರುಚಿದೆ. ಕಾಲು ನೋಡು" ಎಂದರು. ಬಗ್ಗಿ ನೋಡಿದೆ. ಮಳೆಗೆ ತುಂಬುಮಣ್ಣು ಕುಸಿದು, ಟೈಲ್‌ಸ್ಟಾಕ್ ಕಡೆಯ ಮುಂದಿನ ಮೂಲೆಯಲ್ಲಿ ನೆಲ ಇಳಿದಿತ್ತು. ನೆಲ ನಿಜವಾಗಿಯೂ ಡೊಂಕಾಗಿತ್ತು!

ಆ ಮೂಲೆಯ ಕಾಂಕ್ರೀಟನ್ನು ಒಡೆದು, ಮಣ್ಣನ್ನು ಗಟ್ಟಿಮಾಡಿ, ಹೊಸದಾಗಿ ಹಾಕಿಸಿದೆವು. ಅದು ಚೆನ್ನಾಗಿ ಬಲಿತ ಮೇಲೆ ನಾಲ್ಕು ಮಟ್ಟದ ಕಾಲುಗಳನ್ನು ತಂದೆವು. ಅಗಲವಾದ ದುಂಡು ಪಾದ, ಅದರ ಮೇಲೆ ದಪ್ಪ ತಿರುಪು, ಬಿಗಿಯಲು ಲಾಕ್ ನಟ್. ಹಾರೆಯಿಂದ ಲೇತಿನ ಒಂದು ತುದಿಯನ್ನು ಬೇಕಾದಷ್ಟೇ ಎತ್ತಿ, ಗಟ್ಟಿ ಮರದ ದಿಮ್ಮಿಗಳ ಆಸರೆ ಕೊಟ್ಟು, ಅಡಿಯಲ್ಲಿ ಕೈಹಾಕದೆ ಒಂದೊಂದಾಗಿ ಕೂರಿಸಿದೆವು.

ಹಿರಿಯರು ತಂದಿದ್ದ ರಸಮಟ್ಟ ಗಾರೆ ಕೆಲಸದವರದಲ್ಲ, ಮೀಟರಿಗೆ 0.02 ಮಿ.ಮೀ. ಏರುಪೇರನ್ನೂ ತೋರಿಸುವಂಥದ್ದು. ಅದನ್ನು ಬೆಡ್ಡಿನ ಮೇಲೆ ಅಡ್ಡಲಾಗಿ ಇರಿಸಿ, ಗುಳ್ಳೆ ನಿಂತ ಜಾಗವನ್ನು ಗುರುತಿಸಿಕೊಂಡು, ಕೂಡಲೇ ತುದಿ ಬದಲಿಸಿ ಅದೇ ಜಾಗದಲ್ಲಿ ಮತ್ತೆ ಇರಿಸಿದರು. "ಮೊದಲು ಅಳೆಯುವುದು ಸರಿಯಿದೆಯೋ ನೋಡಬೇಕು. ತಿರುಗಿಸಿ ಇಟ್ಟಾಗ ಗುಳ್ಳೆ ಮೊದಲಿನ ಕಡೆಗೇ ವಾಲಿದರೆ ಬೆಡ್ಡು ಡೊಂಕು, ಅದೂ ತಿರುಗಿ ಇನ್ನೊಂದು ಕಡೆಗೆ ಹೋದರೆ ರಸಮಟ್ಟವೇ ಡೊಂಕು" ಎಂದರು.

ಆ ಮಾತು ನನ್ನ ಎದೆಗೆ ನಾಟಿತು. ಹುಡುಗನನ್ನು ಅಳೆದ ನಾನು ಒಮ್ಮೆಯಾದರೂ ನನ್ನನ್ನು ತಿರುಗಿಸಿ ನೋಡಿಕೊಂಡಿದ್ದೆನೆ?

ಮೊದಲು ಹೆಡ್‌ಸ್ಟಾಕ್ ಕಡೆ, ಅನಂತರ ಟೈಲ್‌ಸ್ಟಾಕ್ ಕಡೆ ಅಡ್ಡಮಟ್ಟ ನೋಡಿ, ತಗ್ಗಿದ್ದ ಕಾಲನ್ನು ಕೂದಲೆಳೆಯಷ್ಟಾಗಿ ಏರಿಸಿದೆವು. ಎರಡೂ ತುದಿಗಳಲ್ಲಿ ಗುಳ್ಳೆ ಒಂದೇ ಕಡೆ ನಿಲ್ಲಬೇಕು. ತೂಗಾಡುವ ಹಡಗಿನಲ್ಲೂ ಲೇತ್ ಕೆಲಸ ಮಾಡುತ್ತದೆ. ಹೊರಗಿನ ಸಮತಟ್ಟಿಗಿಂತಲೂ ಅದು ತನ್ನೊಳಗೆ ತಿರುಚಿಕೊಳ್ಳದಿರುವುದು ಮುಖ್ಯ. ನಟ್ಟುಗಳನ್ನು ಬಿಗಿದ ಮೇಲೆ ಗುಳ್ಳೆ ಮತ್ತೆ ಸರಿಯಿತು, ಮತ್ತೆ ಸರಿಪಡಿಸಿದೆವು. ಮರುವಾರವೂ ನೋಡಿದೆವು. ಈಗ ಎರಡು ತುದಿಗಳೂ ಸಮ.

ಅದು ತಪಸ್ಸು ಕಾಲ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸೋದರನೊಂದಿಗೆ ರಾಜಿಮಾಡಿಕೊಳ್ಳಬೇಕೆಂದು ಪ್ರಭು ಯೇಸು ಬೋಧಿಸಿದ್ದನ್ನು ಎಷ್ಟೋ ವರ್ಷಗಳಿಂದ ಕೇಳಿದ್ದೆ. ಆ ಶನಿವಾರ ಹಿಡಿದ ಹಣವನ್ನು ತೆಗೆದುಕೊಂಡು ಹುಡುಗನ ಮನೆಗೆ ಹೋದೆ. ಅವನ ತಾಯಿಯ ಮುಂದೆ, "ತಪ್ಪು ನಿಮ್ಮ ಮಗನದಲ್ಲಮ್ಮಾ, ನನ್ನದು" ಎಂದೆ. ಇಷ್ಟು ಚಿಕ್ಕ ಮಾತನ್ನಾಡಲು ಅಷ್ಟು ಬಲ ಬೇಕೆಂದು ನನಗೆ ತಿಳಿದಿರಲಿಲ್ಲ. ಆಕೆ ಏನೂ ಹೇಳದೆ ಕಾಫಿ ತಂದಿಟ್ಟರು.

ಅವನು ಮರಳಿ ಕೆಲಸಕ್ಕೆ ಬರಲಿಲ್ಲ, ಬೇರೆಡೆ ಸೇರಿದ್ದ. ಆದರೂ ಆ ಭಾನುವಾರ ಬಲಿಪೂಜೆಯಲ್ಲಿ ಕಾಣಿಕೆ ಸಲ್ಲಿಸುವಾಗ ನನ್ನ ಕೈ ಹಿಂಜರಿಯಲಿಲ್ಲ. ಒಂದು ಸಂಜೆ ಅವನೇ ಶೆಡ್ಡಿಗೆ ಬಂದ. ಮೊಣಕಾಲೂರಿ ಹೊಸ ಕಾಲುಗಳನ್ನು ನೋಡಿ ಕೇಳಿದ: "ಈ ಮಳೆಗಾಲ ಮುಗಿದ ಮೇಲೆ ಮತ್ತೆ ಮಟ್ಟ ನೋಡ್ತೀರಲ್ಲಾ ಸಾರ್?"

ನೋಡುತ್ತೇನೆ. ಅಂದಿನಿಂದ ಪ್ರತಿ ಮಳೆಗಾಲದ ನಂತರ ಲೇತಿನದ್ದನ್ನೂ, ಪಾಪನಿವೇದನೆಗೆ ಹೋಗುವ ಮುನ್ನ ನನ್ನದನ್ನೂ.