ಬಡೇಸೋಪಿನ ತಟ್ಟೆ

‘ಟಿಪ್ಸ್’ ಅನ್ನೋದಕ್ಕೆ ನಮ್ಮ ಗೋಕಾಕ ಕಡೆ ನೆಟ್ಟಗಿನ ಒಂದು ಮಾತಿಲ್ಲ. ‘ಭಕ್ಷೀಸು’ ಅಂದರೆ ಕುಸ್ತಿ ಗೆದ್ದ ಪೈಲವಾನನಿಗೆ, ಪಾರಿಜಾತದ ಆಟದಾಗ ಚಲೋ ಹಾಡಿದವರಿಗೆ ಕೊಡುವಂಥಾದ್ದು. ‘ಚಹಾಪಾನಿ’ ಅಂದರೆ ಯಾವುದೋ ಕಚೇರಿಯ ಮೇಜಿನ ಕೆಳಗಿನ ಕೈ ನೆನಪಾಗುತ್ತದೆ. ‘ಖುಷಿ’ ಅನ್ನೋದು ಹೆರಿಗೆ ಆದಾಗ ಆಯಾ ಕೇಳುವುದು. ಹೋಟೆಲ್ಲಿನ ಸಪ್ಲೈಯರನಿಗೆ ಉಂಡೆದ್ದವರು ಬಿಟ್ಟು ಹೋಗುವ ಹತ್ತು ರೂಪಾಯಿಗೆ ಹೆಸರೇ ಇಲ್ಲ. ನನ್ನ ಕಾಕಾನ ಮಗ ಅದನ್ನು ‘ತಟ್ಟ್ಯಾಗಿಂದು’ ಅನ್ನುತ್ತಾನೆ. ಬಡೇಸೋಪು, ಸಕ್ಕರೆ ಹರಳು, ನಾಲ್ಕು ಹಲ್ಲುಕಡ್ಡಿ ಇಟ್ಟು ಬಿಲ್ಲಿನ ಜೋಡಿ ತಂದಿಡುತ್ತಾರಲ್ಲ, ಆ ಸ್ಟೀಲಿನ ತಟ್ಟೆಯಾಗಿನದು.

ಅವನು ಫಾಲ್ಸಿಗೆ ಹೋಗುವ ರಸ್ತೆಯ ಒಂದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಇಪ್ಪತ್ತು ವರ್ಷದಿಂದ ಸಪ್ಲೈಯರ್. ಬಾರಿನ ಹೆಸರು ಬ್ಯಾಡ. ಪಗಾರ ಹನ್ನೆರಡು ಸಾವಿರ, ಎರಡು ಹೊತ್ತಿನ ಊಟ. ಮಳೆಗಾಲದಲ್ಲಿ ಘಟಪ್ರಭೆ ತುಂಬಿ, 170 ಅಡಿ ಮೇಲಿಂದ ಕೆಂಪು ನೀರು ದುಮುಕುವಾಗ ನೋಡಲಿಕ್ಕೆ ಬರುವ ಮಂದಿ ಇರುತ್ತಾರೆ. ಆ ಎರಡು ಮೂರು ತಿಂಗಳು ಅವನಿಗೆ ಸುಗ್ಗಿ. ತಟ್ಟ್ಯಾಗಿನ ದುಡ್ಡಿನಿಂದಲೇ ನಮ್ಮ ತಂಗಿ, ಅಂದರೆ ಅವನ ಹೆಂಡತಿ, ವಾರದ ಸಂಘದ ಕಂತು ಕಟ್ಟುತ್ತಿದ್ದಳು. ಪಗಾರ ಮನೆ ಬಾಡಿಗೆಗೆ, ಕಿರಾಣಿಗೆ, ತಟ್ಟೆ ಸಂಘಕ್ಕೆ. ಹಂಗೊಂದು ಹಂಚಿಕೆ.

ಈ ತಟ್ಟೆಯ ವಿಚಾರ ನನ್ನ ತಲೆಯಲ್ಲಿ ಕೂತದ್ದು ಮಾತ್ರ ಗೋಕಾಕದಾಗಲ್ಲ, ಟೆಕ್ಸಾಸಿನಲ್ಲಿ.

2025ರ ಮೇ ತಿಂಗಳು ಮಗಳ ಮನೆಗೆ ಹೋಗಿದ್ದೆ, ಡಲ್ಲಾಸ್ ಹತ್ತಿರದ ಊರು. ಒಂದು ಶನಿವಾರ ಅಳಿಯ, ‘ಮಾವಾರ, ನಿಮಗೊಂದು ಮಜಾ ತೋರಸ್ತೇನಿ ಬರ್ರಿ’ ಅಂತ ಒಂದು ಬಿಯರ್ ಅಂಗಡಿಗೆ ಕರೆದುಕೊಂಡು ಹೋದ. ಗೋಡೆಗೆ ಸಾಲಾಗಿ ನಲವತ್ತು ನಳ. ಹೌದು, ನೀರಿನ ನಳದ ಹಾಗೇ. ಪ್ರತಿಯೊಂದರ ಮೇಲೂ ಒಂದು ಸಣ್ಣ ಪರದೆ, ಅದರಲ್ಲಿ ಬಿಯರಿನ ಹೆಸರು, ಎಷ್ಟು ಕಡಕ್ಕು, ಒಂದು ಔನ್ಸಿಗೆ ಎಷ್ಟು ಸೆಂಟು ಅನ್ನೋದು. ಬಾಗಿಲಲ್ಲಿ ಒಬ್ಬ ಹುಡುಗಿ ನಮ್ಮ ಗುರುತಿನ ಚೀಟಿ ನೋಡಿ (ನನ್ನ ಬಿಳಿ ಕೂದಲು ನೋಡಿಯೂ ಪಾಸ್‌ಪೋರ್ಟ್ ಕೇಳಿದಳು, ಮನಸ್ಸಿಗೆ ಹಿತ ಆಯಿತು), ಅಳಿಯನ ಕ್ರೆಡಿಟ್ ಕಾರ್ಡ್ ಉಜ್ಜಿಕೊಂಡು, ಕೈಗೊಂದು ಪಟ್ಟಿ ಕಟ್ಟಿದಳು. ಆ ಪಟ್ಟಿಯೊಳಗೊಂದು ಚಿಪ್. ನಳದ ಹತ್ತಿರ ಹಿಡಿದರೆ ನಳ ತೆರೆಯುತ್ತದೆ. ಬಗ್ಗಿಸಿಕೊಂಡಷ್ಟನ್ನೂ ಒಳಗಿನ ಮೀಟರು ಔನ್ಸಿನ ಹತ್ತನೇ ಒಂದು ಭಾಗದವರೆಗೆ ಅಳೆದು ನಿಮ್ಮ ಲೆಕ್ಕಕ್ಕೆ ಬರೆಯುತ್ತದೆ.

ಔನ್ಸಂದರೆ ಸುಮಾರು ಮೂವತ್ತು ಎಂ.ಎಲ್. ನಮ್ಮ ಕಡೆ ಒಂದು ಬಾಟಲಿ ಬಿಯರ್ 650 ಎಂ.ಎಲ್.; ಒಡೆದರೆ ಮುಗಿಸಲೇಬೇಕು. ಇಲ್ಲಿ ಹಂಗಲ್ಲ, ಎರಡು ಗುಟುಕು ಬಗ್ಗಿಸಿಕೊಂಡು ರುಚಿ ನೋಡಿ, ಸೇರದಿದ್ದರೆ ಮುಂದಿನ ನಳಕ್ಕೆ ಹೋಗಬಹುದು. ಇದು ನನಗೆ ಬಹಳ ಮನಸ್ಸಿಗೆ ಬಂತು. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಪೈಸೆ ಪೈಸೆ ತಾಳೆ ಹಾಕಿದವನಿಗೆ ಇಂಥಾ ಲೆಕ್ಕ ಚಂದ ಅನ್ನಿಸದೆ ಇರುತ್ತದೆಯೇ? ನಾನು 11.3 ಔನ್ಸ್ ಬಗ್ಗಿಸಿದೆ, ಔನ್ಸಿಗೆ 55 ಸೆಂಟು, ಪರದೆ 6 ಡಾಲರ್ 22 ಸೆಂಟು ಅಂತ ತೋರಿಸಿತು. ಗ್ಲಾಸನ್ನು ಸೊಟ್ಟ ಹಿಡಿಯದೆ ನೆಟ್ಟಗೆ ಹಿಡಿದರೆ ಬರೀ ನೊರೆ ತುಂಬುತ್ತದೆ, ಮೀಟರು ನೊರೆಗೂ ರೊಕ್ಕ ಹಿಡಿಯುತ್ತದೆ. ಒಂದಿಷ್ಟು ಕುಡಿದ ಮೇಲೆ, ಅಲ್ಲಿ 32 ಔನ್ಸ್ ಅಂತಿದ್ದರು, ನಳ ತಾನೇ ಬಂದ್. ಆ ಹುಡುಗಿಯ ಹತ್ತಿರ ಹೋಗಿ ನಿಲ್ಲಬೇಕು. ಆಕೆ ಮುಖ ನೋಡಿ, ಮಾತಾಡಿಸಿ, ಇವನಿಗಿನ್ನೂ ನೆಲ ಎಲ್ಲಿದೆ ಅಂತ ಗೊತ್ತೈತಿ ಅನ್ನಿಸಿದರೆ ಮತ್ತೆ ಚಾಲೂ ಮಾಡುತ್ತಾಳೆ.

ಹೊರಡುವಾಗ ಪಟ್ಟಿ ಬಿಚ್ಚಿ ಕೊಟ್ಟೆವು. ಎಲ್ಲಾ ಸೇರಿ 31 ಡಾಲರ್. ಹುಡುಗಿ ಟ್ಯಾಬ್ ನಮ್ಮ ಕಡೆ ತಿರುಗಿಸಿದಳು. ಅದರ ಮೇಲೆ ಮೂರು ದೊಡ್ಡ ಚೌಕ: 18%, 20%, 25%. ಕೆಳಗೆ ಸಣ್ಣ ಅಕ್ಷರದಲ್ಲಿ ‘ಟಿಪ್ ಬೇಡ’. ಅಳಿಯ ಕಣ್ಣು ಮಿಟುಕಿಸುವುದರೊಳಗೆ 20 ಒತ್ತಿದ. ಆರು ಡಾಲರ್ ಇಪ್ಪತ್ತು ಸೆಂಟು. ನಮ್ಮ ರೂಪಾಯಿಗೆ ಐದುನೂರರ ಮೇಲೆ. ನನ್ನ ಕಾಕಾನ ಮಗನ ಒಂದು ದಿನದ ಪಗಾರಕ್ಕಿಂತ ಜಾಸ್ತಿ.

ಕಾರಿನಲ್ಲಿ ಕೂತ ಮೇಲೆ ಕೇಳಿದೆ: ‘ಅಲ್ಲೋ ಮಾರಾಯಾ, ಬಗ್ಗಿಸಿದಾಂವಾ ನಾನು, ಹೊತ್ತು ತಂದಾಂವಾ ನೀನು. ಟಿಪ್ಸ್ ಯಾರಿಗೆ?’

ಅಳಿಯ ನಕ್ಕ. ಉತ್ತರ ಕೊಟ್ಟವಳು ಮಗಳು. ‘ಅಪ್ಪಾ, ಆಕಿ ಪಗಾರ ಎಷ್ಟಿರಬಹುದು ಅಂತ ಗೊತ್ತೈತೇನು?’

ಆಮೇಲೆ ಓದಿ ನೋಡಿದೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ ಕನಿಷ್ಠ ಕೂಲಿ 7 ಡಾಲರ್ 25 ಸೆಂಟು, 2009ರಿಂದ ಅಷ್ಟೇ ಇದೆ. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲಕ ಕೈಯಿಂದ ಕೊಡಬೇಕಾದದ್ದು ಗಂಟೆಗೆ ಬರೀ 2 ಡಾಲರ್ 13 ಸೆಂಟು. ಇದು 1991ರಿಂದ ಬದಲಾಗಿಲ್ಲ. ಉಳಿದದ್ದನ್ನು ಗಿರಾಕಿಯ ಟಿಪ್ಸು ತುಂಬಬೇಕು, ತುಂಬದಿದ್ದರೆ ಮಾಲಕ ತುಂಬಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಇದನ್ನು ಒಪ್ಪುವುದಿಲ್ಲ, ಪೂರ್ತಿ ಕೂಲಿ ಕೊಡಿಸುತ್ತವೆ. ಟೆಕ್ಸಾಸ್ ಒಪ್ಪುತ್ತದೆ. ಅಂದರೆ ಅಲ್ಲಿ ಟಿಪ್ಸು ಖುಷಿಯ ಮಾತಲ್ಲ, ಪಗಾರದ ಒಂದು ಭಾಗವನ್ನು ಮಾಲಕನ ಬದಲು ನಾವು ಕೊಡುವುದು. ಆ ಹುಡುಗಿಯ ಲೆಕ್ಕ ಏನಿತ್ತೋ ನಾನು ಕೇಳಲಿಲ್ಲ. ಆದರೆ ನಾವಿದ್ದ ಒಂದೂವರೆ ತಾಸಿನಲ್ಲಿ ಆಕೆ ಕೂತದ್ದನ್ನು ನೋಡಲಿಲ್ಲ. ಗ್ಲಾಸು ತೊಳೆದಳು, ಚೆಲ್ಲಿದ್ದು ಒರೆಸಿದಳು, ಖಾಲಿಯಾದ ಪೀಪಾಯಿ ಉರುಳಿಸಿ ತುಂಬಿದ್ದು ಜೋಡಿಸಿದಳು. ನಾವು ನಾವೇ ಮಾಡಿಕೊಂಡದ್ದು ಬಗ್ಗಿಸುವ ಕೆಲಸ ಒಂದೇ.

ಸೆಲ್ಫ್ ಸರ್ವಿಸ್ ಅಂದರೆ ನಮಗೇನು ಹೊಸದಲ್ಲ ಬಿಡಿ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ಮೊದಲು ರೊಕ್ಕ, ಆಮೇಲೆ ಟೋಕನ್, ನಿಂತುಕೊಂಡೇ ಇಡ್ಲಿ. ಅಲ್ಲಿ ಟಿಪ್ಸಿನ ಪ್ರಶ್ನೆಯೇ ಇಲ್ಲ. ಯಾರ ಕೈಗೆ ಕೊಡುತ್ತೀರಿ? ಟೇಬಲ್ ಒರೆಸುವ ಹುಡುಗ ನಮ್ಮ ಮುಖವನ್ನೂ ನೋಡುವುದಿಲ್ಲ, ನಾವೂ ಅವನದನ್ನು ನೋಡುವುದಿಲ್ಲ. ನಮ್ಮ ಖಾನಾವಳಿಗಳದ್ದು ಇನ್ನೊಂದು ನಮೂನೆ. ಕಟಕ ರೊಟ್ಟಿ, ಎಣಗಾಯಿ, ಝುಣಕ, ಗುರೆಳ್ಳ ಹಿಂಡಿ, ‘ಇನ್ನೊಂದ್ ಹಾಕಸ್ಕೋರಿ ಯಪ್ಪಾ’ ಅನ್ನುವ ಒತ್ತಾಯ. ಅಲ್ಲಿ ಬಡಿಸಿದ ಅವ್ವನಿಗೆ ಹತ್ತು ರೂಪಾಯಿ ಕೊಟ್ಟರೆ ಸಿಟ್ಟಿಗೇಳುತ್ತಾಳೆ. ನಾನು ಸಣ್ಣವನಿದ್ದಾಗಿನ ಹೋಟೆಲುಗಳಲ್ಲಿ ಬಿಲ್ಲಿನ ಚೀಟಿಯೇ ಇರುತ್ತಿರಲಿಲ್ಲ. ನಾವು ಎದ್ದು ಗಲ್ಲಾದ ಕಡೆ ನಡೆಯುತ್ತಿದ್ದ ಹಾಗೆ ಸಪ್ಲೈಯರು ಒಳಗಿನಿಂದಲೇ ‘ಕರೀ ಟೊಪಗಿಯವರ್ದು ಎರಡೂವರಿ!’ ಅಂತ ಕೂಗುತ್ತಿದ್ದ. ಇಡೀ ಹೋಟೆಲ್ಲಿಗೆ ನಮ್ಮ ಊಟದ ಬೆಲೆ ಗೊತ್ತು.

ಬಾರಿಗೆ ಬಂದರೆ ತಟ್ಟೆ. ತಟ್ಟೆಯ ಒಂದು ದೊಡ್ಡ ಗುಣ ಅಂದರೆ ಯಾರೂ ಎದುರಿಗೆ ನಿಂತು ನೋಡುವುದಿಲ್ಲ. ಸಪ್ಲೈಯರು ತಟ್ಟೆ ಇಟ್ಟು ಆ ಕಡೆ ತಿರುಗುತ್ತಾನೆ. ಇಪ್ಪತ್ತು ಬಿಟ್ಟರೂ ಸರಿ, ಬಡೇಸೋಪು ಅಷ್ಟೇ ಬಾಯಿಗೆ ಹಾಕಿಕೊಂಡು ಹೋದರೂ ಸರಿ. ಆ ಟ್ಯಾಬಿನ ಚೌಕಗಳು ನನಗೆ ಸೇರದೆ ಇದ್ದದ್ದು ಇದಕ್ಕೇ. ಕೊಡುವುದಕ್ಕಲ್ಲ, ಕೊಡುವಾಗ ಹುಡುಗಿ ಎದುರಿಗೆ ನಿಂತಿರುವುದಕ್ಕೆ.

ಜೂನ್ ಕೊನೆಗೆ ಊರಿಗೆ ಬಂದು ಕಾಕಾನ ಮಗನಿಗೆ ಈ ನಳದ ಕತೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಕೇಳಿದ ಮೊದಲ ಪ್ರಶ್ನೆ: ‘ಅಣ್ಣಾ, ಬಿಯರ್ ಅವ್ರ ಬಗ್ಗಿಸ್ಕೊಳ್ಳಿ ಬಿಡು. ಕುಡದ್ ಕಾರಿಕೊಂಡ್ರ ಬಳಿಯಾಂವಾ ಯಾಂವಾ?’

ಎರಡನೆಯದು: ‘ಆ ಇಪ್ಪತ್ತು ಪರ್ಸೆಂಟ್ ಖರೇನ ಆ ಹುಡುಗಿ ಕೈಗೆ ಹೋಗತೈತೇನು?’

ಅವನ ಕಷ್ಟವೇ ಅದು. 2016ರಲ್ಲಿ ಯುಪಿಐ ಬಂತು. ನಮ್ಮ ಕಡೆ ಅದು ಬೇರು ಬಿಟ್ಟದ್ದು ಕೊರೊನಾ ಆದ ಮೇಲೆ. ಈಗ ಗಿರಾಕಿ ಎದ್ದು ಗಲ್ಲಾಕ್ಕೆ ಹೋಗಿ ಸ್ಕ್ಯಾನ್ ಮಾಡುತ್ತಾನೆ. ಡಬ್ಬಿ ಹೆಣ್ಣುದನಿಯಲ್ಲಿ ಎಂಟುನೂರಾ ನಲವತ್ತು ರೂಪಾಯಿ ಬಂತು ಅಂತ ಒದರುತ್ತದೆ. ಎಂಟುನೂರಾ ನಲವತ್ತು ಅಂದರೆ ಎಂಟುನೂರಾ ನಲವತ್ತೇ. ನೋಟು ಕೊಟ್ಟಿದ್ದರೆ ಒಂಬತ್ತುನೂರಕ್ಕೆ ಅರವತ್ತು ಚಿಲ್ಲರೆ ಬರುತ್ತಿತ್ತು, ಅದರಲ್ಲಿ ಇಪ್ಪತ್ತೋ ಮೂವತ್ತೋ ತಟ್ಟೆಯಲ್ಲಿ ಉಳಿಯುತ್ತಿತ್ತು. ಅವನ ಲೆಕ್ಕದಲ್ಲಿ ಮೊದಲು ದಿನಕ್ಕೆ ಇನ್ನೂರು ಇನ್ನೂರೈವತ್ತು ಆಗುತ್ತಿದ್ದದ್ದು ಈಗ ಐವತ್ತಕ್ಕೆ ಬಂದಿದೆ. ಅದರಲ್ಲೂ ಹತ್ತರ ನಾಣ್ಯ ಬಿಟ್ಟು ಹೋಗುವವರಿದ್ದಾರೆ. ಹತ್ತರ ನಾಣ್ಯ ನಡೆಯುತ್ತದೆ, ಅದರ ಎಲ್ಲ ಹದಿನಾಲ್ಕು ನಮೂನೆಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದೆ. ನಮ್ಮ ಪ್ಯಾಟಿಯಲ್ಲಿ ನಡೆಸಿ ತೋರಿಸಿ ನೋಡೋಣ.

ಬಿಲ್ಲಿಗೇ ಸೇವಾ ಶುಲ್ಕ ಅಂತ ಸೇರಿಸಿದರೆ? ದೊಡ್ಡ ಊರಿನ ದೊಡ್ಡ ಹೋಟೆಲುಗಳು ಹಂಗೆ ಮಾಡುತ್ತಿದ್ದವು. ಗ್ರಾಹಕರ ಸಂರಕ್ಷಣೆಯ ಕೇಂದ್ರ ಪ್ರಾಧಿಕಾರ 2022ರ ಜುಲೈಯಲ್ಲಿ ತಾನೇ ತಾನಾಗಿ ಸೇರಿಸಕೂಡದು ಅಂದಿತು, ದಿಲ್ಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನೇ ಎತ್ತಿ ಹಿಡಿಯಿತು. ಸರಿಯಾದ ತೀರ್ಪೇ. ಸೇವಾ ಶುಲ್ಕ ಸೇವೆ ಮಾಡಿದವನಿಗೆ ಮುಟ್ಟುತ್ತಿತ್ತು ಅನ್ನುವುದಕ್ಕೆ ಯಾರ ಹತ್ತಿರವೂ ರಸೀದಿ ಇರಲಿಲ್ಲ.

ಬಾರಿನ ಹುಡುಗರು ತಮ್ಮದೇ ಉಪಾಯ ಹುಡುಕಿದರು. ಮೊಬೈಲಿನ ಹಿಂದೆ ಸ್ವಂತ ಕ್ಯೂಆರ್ ಅಂಟಿಸಿಕೊಂಡು, ಬಿಲ್ ಕೊಡುವಾಗ ಮೆಲ್ಲಗೆ ಟೇಬಲ್ ಮೇಲೆ ಬೋರಲು ಇಡುವುದು. ರೊಕ್ಕ ಬರತೊಡಗಿತು. ಜಗಳವೂ ಬಂತು. ಯಾಕಂದರೆ ಆ ಬಾರಿನಲ್ಲಿ ತಟ್ಟ್ಯಾಗಿನದೆಲ್ಲಾ ರಾತ್ರಿ ಒಂದು ಡಬ್ಬಿಗೆ ಬೀಳಬೇಕು, ಶಟರ್ ಇಳಿಸುವಾಗ ಪಾಲು ಆಗಬೇಕು. ತಂದೂರಿ ಮಾಡುವವನಿಗೆ, ಟೇಬಲ್ ಒರೆಸುವ ಹುಡುಗನಿಗೆ, ಹಿತ್ತಲಲ್ಲಿ ಭಾಂಡೆ ತೊಳೆಯುವ ಅಕ್ಕನಿಗೆ, ಎಲ್ಲರಿಗೂ. ಸ್ವಂತ ಕ್ಯೂಆರಿಗೆ ಬಿದ್ದ ರೊಕ್ಕ ಡಬ್ಬಿಗೆ ಬರಲಿಲ್ಲ. ‘ತಟ್ಟಿ ತೊಳದಾಕಿ ನಾನು, ತಟ್ಟ್ಯಾಗಿಂದು ನಿಮಗ ಮಾತ್ರ ಏನು?’ ಅಂತ ಆ ಅಕ್ಕ ಒಂದು ರಾತ್ರಿ ಭಾಂಡೆ ಹಂಗೇ ಬಿಟ್ಟು ಮನೆಗೆ ನಡೆದಳಂತೆ. ಮರುದಿನ ಮಾಲಕ ಎಲ್ಲರ ಕ್ಯೂಆರ್ ಕಿತ್ತಿಸಿದ. ತನ್ನ ಕ್ಯೂಆರಿಗೇ ಟಿಪ್ಸ್ ಹಾಕಿಸಿಕೊಂಡು ಹಂಚಲಿಕ್ಕೂ ಒಪ್ಪಲಿಲ್ಲ. ಅದೂ ನನ್ನ ವ್ಯಾಪಾರ ಅಂತ ಲೆಕ್ಕಕ್ಕೆ ಹಿಡೀತಾರ ಅನ್ನುವುದು ಅವನ ಮಾತು.

ಆ ಮಾತು ಸುಳ್ಳಲ್ಲ ಅಂತ ಜುಲೈಯಲ್ಲಿ ಗೊತ್ತಾಯಿತು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್‌ನವರು ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಹಾಳೆ ಅಂಟಿಸಿದರು. ಅದರ ಗಾಳಿ ಇಲ್ಲಿಗೂ ಬೀಸಿತು. ಬಾರಿನ ಕ್ಯೂಆರ್ ಕೂಡ ಗಲ್ಲಾದ ಒಳಗೆ ಸೇರಿತು. ಹೊರಗೆ ಮಳೆ, ಫಾಲ್ಸು ತುಂಬಿತ್ತು, ಒಳಗೆ ನೋಟು. ಹದಿನೈದು ದಿನ ತಟ್ಟೆ ಹಳೆಯ ತಟ್ಟೆಯಾಯಿತು. ನಮ್ಮ ತಂಗಿ ಎರಡು ಕಂತು ಬಾಕಿ ಒಟ್ಟಿಗೆ ಕಟ್ಟಿದಳು. ಆಮೇಲೆ ಸರ್ಕಾರ ಸಮಾಧಾನದ ಮಾತಾಡಿತು, ಕ್ಯೂಆರ್ ಮತ್ತೆ ಗಲ್ಲಾದ ಮೇಲೆ ಬಂತು.

ಈಗ ಹುಡುಗರು ನನ್ನ ಹತ್ತಿರ ಬಂದಿದ್ದಾರೆ, ಬ್ಯಾಂಕಿನವನು ಅಂತ. ಎಲ್ಲರಿಗೂ ಸೇರಿದ ಒಂದು ಕ್ಯೂಆರ್ ಮಾಡಬೇಕು, ಡಬ್ಬಿಗೆ ಬದಲು. ಯಾರ ಖಾತೆಗೆ? ಎಲ್ಲರೂ ನಂಬುವುದು ಭಾಂಡೆ ತೊಳೆಯುವ ಅಕ್ಕನನ್ನು ಒಬ್ಬಳನ್ನೇ. ಆಕೆಯ ಹೆಸರಿನಲ್ಲಿ ಜನಧನ್ ಖಾತೆ ಇದೆ. ಆದರೆ ಅದೇ ಖಾತೆಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ. ಮಂದಿಯ ರೊಕ್ಕ ದಿನಾ ಬಂದು ಬೀಳತೊಡಗಿದರೆ ಈಕೆ ಶ್ರೀಮಂತಳಾಗ್ಯಾಳ ಅಂತ ಅದನ್ನು ನಿಲ್ಲಿಸಿಬಿಟ್ಟರೆ ಅನ್ನುವುದು ಆಕೆಯ ಹೆದರಿಕೆ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಿಗೆ ಮಾತ್ರ ಅದು ಸಿಗುವುದಿಲ್ಲ, ದಿನದ ನೂರಿನ್ನೂರಕ್ಕೆ ಏನೂ ಆಗುವುದಿಲ್ಲ ಅಂತ ಬಿಡಿಸಿ ಹೇಳಿದೆ.

‘ಹಂಗ ನೀವ್ ಬರದ್ ಕೊಡ್ತೀರೇನ್ರಿ ಸಾಹೇಬ್ರ?’ ಅಂದಳು.

ನನ್ನ ಬರಹವನ್ನು ಯಾವ ಇಲಾಖೆಯೂ ಕೇಳುವುದಿಲ್ಲ ಅಂತ ಆಕೆಗೂ ಗೊತ್ತು. ಬೇರೆ ಖಾತೆ ತೆರೆಯೋಣ ಅಂದರೆ ಆಧಾರಿನಲ್ಲಿ ಆಕೆಯ ಹೆಸರು ಒಂದು ನಮೂನೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ನಮೂನೆ. ಬರುವ ಸೋಮವಾರ ಅದನ್ನು ತಿದ್ದಿಸಲಿಕ್ಕೆ ಹೋಗಬೇಕು. ಅಲ್ಲಿಯತನಕ ಡಬ್ಬಿಯೇ.